ಹನ್ನೊಂದನೇ ನಿಯಮ

ಶಿವಗಂಗವ್ವನ ಎರಡು ಕಿಡ್ನಿಗಳಲ್ಲಿ ಒಂದು ಅವಳ ಹತ್ತಿರವೇ ಇತ್ತು. ಇನ್ನೊಂದು ಒಂಬತ್ತು ತಿಂಗಳಿಂದ ಅವಳ ತಮ್ಮ ವೀರೇಶನ ಹೊಟ್ಟೆಯಲ್ಲಿತ್ತು. ತನ್ನ ಹತ್ತಿರ ಉಳಿದದ್ದರ ಬಗ್ಗೆ ಅವಳು ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ. ಕೊಟ್ಟದ್ದರ ಮೇಲೆ ಮಾತ್ರ ಸದಾ ಕಣ್ಣಿಟ್ಟಿದ್ದಳು. ದಿನಾ ಬೆಳಿಗ್ಗೆ ತಮ್ಮನ ಕೋಣೆಯ ಹೊಸ್ತಿಲಲ್ಲಿ ನಿಂತು, ಮಾಸ್ಕನ್ನು ಮೂಗಿನ ಮೇಲೆ ಏರಿಸಿ ಕೇಳುವಳು:

“ನನ್ನ ಕಿಡ್ನಿ ಹೆಂಗೈತೋ?”

“ಆರಾಮ ಐತಿ ಅಕ್ಕಾ,” ಎನ್ನುವನು ವೀರೇಶ.

ವೀರೇಶ ಹೇಗಿದ್ದಾನೆ ಎಂದು ಅವಳು ಕೇಳುತ್ತಿರಲಿಲ್ಲ. ಕಿಡ್ನಿ ಆರಾಮ ಇದ್ದರೆ ಅದರ ಸುತ್ತ ಇರುವವನೂ ಆರಾಮ ಇರಲೇಬೇಕು ಎಂಬುದು ಅವಳ ತಿಳಿವಳಿಕೆ.

ವೀರೇಶ ಹಳಿಯಾಳ ಡಿಪೋದಲ್ಲಿ ಕಂಡಕ್ಟರ್. ಹನ್ನೆರಡು ವರ್ಷ ಹಳಿಯಾಳ–ದಾಂಡೇಲಿ ಬಸ್ಸಿನಲ್ಲಿ “ಒಳಗ ಸರೀರಿ, ಒಳಗ ಸರೀರಿ” ಎಂದು ಕೂಗಿ ಗಂಟಲು ಗಟ್ಟಿ ಮಾಡಿಕೊಂಡಿದ್ದ. ಮದುವೆಯ ಮಾತು ನಡೆಯುತ್ತಿದ್ದಾಗಲೇ ಎರಡೂ ಕಿಡ್ನಿ ಕೈಕೊಟ್ಟವು. ಎರಡು ವರ್ಷ ಧಾರವಾಡಕ್ಕೆ ಡಯಾಲಿಸಿಸ್ಸಿಗೆ ಓಡಾಡಿದ. ಹೆಣ್ಣಿನ ಕಡೆಯವರು ಬೇರೆ ಗಂಡು ನೋಡಿಕೊಂಡರು. ಆಗ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತಿದ್ದ ನಲವತ್ತೊಂಬತ್ತರ ಅಕ್ಕ, “ನಂದ ತಗೋರಿ” ಎಂದು ಮುಂದೆ ಬಂದಳು. ಯಾರಾದರೂ ಒತ್ತಾಯ ಮಾಡಿ ಕೊಡಿಸುತ್ತಿದ್ದಾರೇನು ಎಂದು ವಿಚಾರಿಸಲು ಕುಳಿತಿದ್ದ ದೊಡ್ಡ ಅಧಿಕಾರಿಗಳಿಗೆ, “ನನಗ ಒತ್ತಾಯ ಮಾಡಾವ್ರು ಹಳ್ಯಾಳದಾಗ ಯಾರರ ಇದ್ರ ತೋರಸ್ರಿ, ನಾನೂ ನೋಡ್ತೇನಿ” ಎಂದಳು. ಅವರು ಒಪ್ಪಿಗೆ ಬರೆದುಕೊಟ್ಟರು.

ಆಪರೇಷನ್ ಆಗಿ ಒಂದು ವಾರಕ್ಕೆ ಅವಳನ್ನು ಮನೆಗೆ ಕಳಿಸಿದರು. ವೀರೇಶನನ್ನು ಮೂರು ವಾರ ಇಟ್ಟುಕೊಂಡರು. ಅಷ್ಟರಲ್ಲಿ ಶಿವಗಂಗವ್ವನಿಗೆ ಅರ್ಥವಾಗಿದ್ದು ಇಷ್ಟು: ಮೈಯೊಳಗೆ ಒಬ್ಬ ಕಾವಲುಗಾರ ಇರುತ್ತಾನೆ. ಹೊರಗಿನವರು ಯಾರೇ ಬರಲಿ, ಬಡಿದು ಓಡಿಸುವುದು ಅವನ ಕೆಲಸ. ಅಕ್ಕನ ಕಿಡ್ನಿ ಅಂತ ಅವನಿಗೆ ದಾಕ್ಷಿಣ್ಯ ಇಲ್ಲ, ಅದನ್ನೂ ಬಡಿಯುತ್ತಾನೆ. ಅದಕ್ಕೆ ದಿನಾ ಮಾತ್ರೆ ಕೊಟ್ಟು ಅವನನ್ನು ಮಲಗಿಸಿಡಬೇಕು. ಅವನು ಮಲಗಿದರೆ ಕಿಡ್ನಿ ಉಳಿಯುತ್ತದೆ. ಆದರೆ ಬೀದಿಯಲ್ಲಿ ಹೋಗುವ ಯಾವ ಕ್ರಿಮಿ ಬೇಕಾದರೂ ಒಳಗೆ ಬಂದು ಕೂರಬಹುದು.

“ಬರ್ಲಿ ನೋಡೂಣು,” ಎಂದಳು ಶಿವಗಂಗವ್ವ. ಒಳಗಿನ ಕಾವಲುಗಾರ ಮಲಗಿದ ಮೇಲೆ ಹೊರಗೆ ತಾನಿದ್ದೇನೆ ಎಂಬುದು ಅವಳ ಧೈರ್ಯ.

ಆಸ್ಪತ್ರೆಯವರು ಕೊಟ್ಟ ನಿಯಮಗಳ ಕಾಗದ ಇಂಗ್ಲಿಷಿನಲ್ಲಿತ್ತು. ವೀರೇಶ ಮನೆಗೆ ಬಂದ ದಿನ ಮಂಚದ ಮೇಲೆ ಕುಳಿತು ಒಂದೊಂದನ್ನೇ ಕನ್ನಡದಲ್ಲಿ ಹೇಳಿದ, ಅವಳು ಬೆರಳು ಮಡಚುತ್ತ ಕೇಳಿದಳು. ಜನ ಸೇರುವಲ್ಲಿ ಹೋಗಬಾರದು. ಕುದಿಸಿದ ನೀರೇ ಕುಡಿಯಬೇಕು. ಹಸಿ ತರಕಾರಿ ಬೇಡ. ಪಾರಿವಾಳ ಹತ್ತಿರ ಸುಳಿಯಬಾರದು. ದನದ ಕೊಟ್ಟಿಗೆಗೆ ಕಾಲಿಡಬಾರದು. ಹೀಗೆ ಹತ್ತು. ಎರಡೂ ಕೈಯ ಬೆರಳು ಸರಿಯಾಗಿ ಮುಗಿದದ್ದು ಅವಳಿಗೆ ಬಹಳ ಸಮಾಧಾನ ತಂದಿತು. ಅವತ್ತಿನಿಂದ ಆ ಹತ್ತನ್ನು ಬೆಳಿಗ್ಗೆ ಎದ್ದು ವಚನದಂತೆ ಹೇಳಿಕೊಳ್ಳುತ್ತಿದ್ದಳು.

ಅವನ್ನು ಅವಳು ಜಾರಿಗೆ ತಂದ ರೀತಿಯನ್ನು ಹಳಿಯಾಳದ ಆ ಓಣಿ ಇನ್ನೂ ಮರೆತಿಲ್ಲ. ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ ಮಾತಾಡಿಸಲು ಹೋಗುವುದು ಆ ಕಡೆಯ ರೀತಿ. ಬಾಳೆಹಣ್ಣು, ಬಿಸ್ಕೀಟು ತಂದು, ಮಂಚದ ತುದಿಗೆ ಕುಳಿತು, ಹಣೆ ಮುಟ್ಟಿ ನೋಡಿ, ಇದೇ ರೋಗದಿಂದ ಸತ್ತ ಇಬ್ಬರು ಮೂವರ ಕಥೆ ಹೇಳಿ ಧೈರ್ಯ ತುಂಬಿ ಹೋಗಬೇಕು. ಶಿವಗಂಗವ್ವ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದಳು. ಬಾಳೆಹಣ್ಣು ಇಸಕೊಂಡಳು, ಮಂದಿಯನ್ನು ವಾಪಸು ಕಳಿಸಿದಳು. ಮುಂಡಗೋಡದಿಂದ ಎರಡು ಬಸ್ಸು ಬದಲಿಸಿ ಬಂದ ದೊಡ್ಡಪ್ಪನ ಮಗ ಕರಿಬಸಪ್ಪನಿಗೂ ಹಗ್ಗ ದಾಟಲು ಬಿಡಲಿಲ್ಲ.

“ಇನ್ನ ಮ್ಯಾಲ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ,” ಎಂದ ಕರಿಬಸಪ್ಪ.

“ನಾನೂ ಅದನ್ನ ಹೇಳಾಕ ಹತ್ತೇನಿ,” ಎಂದಳು ಶಿವಗಂಗವ್ವ.

ಹೀರಪ್ಪನೊಬ್ಬನಿಗೆ ರಿಯಾಯಿತಿ ಇತ್ತು. ಮುಂಡಗೋಡ ಕಡೆಯ ತಾಂಡಾದವನು, ಒಂಬತ್ತು ವರ್ಷ ವೀರೇಶ ಸೀಟಿ ಊದಿದಾಗ ಬಸ್ಸು ನಿಲ್ಲಿಸಿದ ಡ್ರೈವರ್. ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದು, ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಶಿವಗಂಗವ್ವ ಎಳೆದ ಸುಣ್ಣದ ಗೆರೆಯ ಆಚೆ ನಿಂತು ಸುದ್ದಿ ಹೇಳುತ್ತಿದ್ದ. ಅಂಬಿಕಾನಗರದ ದಾರಿಯಲ್ಲಿ ಕಾಡುಕೋಣ ಇಪ್ಪತ್ತು ನಿಮಿಷ ಬಸ್ಸು ನಿಲ್ಲಿಸಿದ್ದು, ಹೊಸ ಕಂಡಕ್ಟರ್ ಸೀಟಿ ಊದಿದರೆ ಕೋಳಿಮರಿ ಕೂಗಿದಂತೆ ಆಗುವುದು. ವೀರೇಶ ಒಳಗೆ ಕುಳಿತು ನಗುತ್ತಿದ್ದ. ಅದು ಅವನ ದಿನದ ಏಕೈಕ ನಗು.

ಕೋಣೆಯ ವಿಷಯದಲ್ಲೂ ಶಿವಗಂಗವ್ವ ಯೋಚನೆ ಮಾಡಿಯೇ ನಿರ್ಧರಿಸಿದ್ದಳು. ಮುಂದಿನ ಕೋಣೆಗೆ ಟೈಲ್ಸ್ ಇತ್ತು, ಟೀವಿ ಇತ್ತು, ಚಪ್ಪಲಿ ಹಾಕಿಕೊಂಡು ಬರುವವರೂ ಇದ್ದರು. ಅದು ಮೈಲಿಗೆ. ದೇವರ ಮನೆಯ ಪಕ್ಕದ ಕೋಣೆಗೆ ಮಣ್ಣಿನ ನೆಲ. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಅಲ್ಲೇ. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಅವಳಿಗೆ ತಾಕೀತು ಮಾಡಿ ಕಳಿಸಿದ್ದರೂ, ತಮ್ಮ ಬರುವ ದಿನ ಹೊಲಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ಕುಳಿತಲ್ಲೇ ಸರಿಯುತ್ತ, ಜವಾರಿ ಆಕಳ ಹೊಸ ಸಗಣಿಯಿಂದ ಇಡೀ ಕೋಣೆ ಸಾರಿಸಿದ್ದಳು. ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ಆಮೇಲೂ ದಿನಕ್ಕೆ ಎರಡು ಸಲ. “ಟೈಲ್ಸ್ ಮ್ಯಾಲ ಏನ್ ಕುಂತೈತಿ ಯಾರಿಗೆ ಗೊತ್ತು. ಸಾರಿಸಿದ ನೆಲ ಅಂದ್ರ ಸಾರಿಸಿದ ನೆಲ,” ಎನ್ನುತ್ತಿದ್ದಳು. ಸ್ವಚ್ಛತೆ ಎಂದರೆ ಏನೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅವಳ ಅವ್ವ ಕಲಿಸಿ ಹೋಗಿದ್ದಳು.

ದಸರೆ ಮುಗಿದ ಮೇಲೆ ವೀರೇಶ ಕೆಮ್ಮತೊಡಗಿದ.

ಮೊದಲು ಒಣ ಕೆಮ್ಮು. ಆಮೇಲೆ ಸಂಜೆ ಜ್ವರ. ಒಂದು ತಿಂಗಳಲ್ಲಿ ಆರು ಕಿಲೋ ಇಳಿದ. “ನನ್ನ ಕಿಡ್ನಿ ಹೆಂಗೈತಿ?” ಎಂದರೆ “ಆರಾಮ ಐತಿ” ಎನ್ನುವಷ್ಟರಲ್ಲಿ ಮೂರು ಸಲ ನಿಲ್ಲುತ್ತಿದ್ದ. ಶಿವಗಂಗವ್ವ ಜಗಲಿಯ ಮೇಲೆ ಕುಳಿತು ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದಳು. ಹಗ್ಗ ದಾಟಿದವರು ಯಾರೂ ಇಲ್ಲ. ನೀರು ಕುದಿಸಿದ್ದು. ಪಾರಿವಾಳಗಳು ಅವಳ ದನಿ ಕೇಳಿಯೇ ಊರು ಬಿಟ್ಟಿದ್ದವು. ಕೊನೆಗೆ ಉಳಿದವನು ಹೀರಪ್ಪ. ಶ್ರಾವಣದಲ್ಲಿ ಗೆರೆಯ ಆಚೆ ನಿಂತು ಅವನು ಒಮ್ಮೆ ಕೆಮ್ಮಿದ್ದ. ಒಂದೇ ಸಲ, ಆದರೆ ಕೆಮ್ಮಿದ್ದ.

ಮರುದಿನ ಸಂಜೆ ಹೀರಪ್ಪ ಬಂದಾಗ ಅವಳು ಓಣಿಯ ನಡುವೆ ನಿಂತು, ಎರಡೂ ತುದಿಗೆ ಕೇಳುವಂತೆ ಹೇಳಿದಳು: “ಊರ ಧೂಳೆಲ್ಲಾ ಮೈಮ್ಯಾಲ ಹೊತ್ತಗೊಂಡ ಬಂದು ನನ್ನ ತಮ್ಮನ ಎದಿಯಾಗ ಇಟ್ಟ ಹೋದೆಲ್ಲೋ! ಇನ್ನೊಮ್ಮೆ ಈ ಕಿಟಕಿ ಕಡೆ ಬಂದ್ರ ನೋಡ!”

ಹೀರಪ್ಪ ಕಿಟಕಿಯ ಕಡೆ ಒಮ್ಮೆ ನೋಡಿ, ಸುಣ್ಣದ ಗೆರೆ ತುಳಿಯದಂತೆ ಸುತ್ತು ಬಳಸಿ ಹೋದ. ಅವನು ನಿಂತ ಜಾಗಕ್ಕೆ ಅವಳು ಫಿನಾಯಿಲ್ ಹಾಕಿದಳು.

ಊರಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಲಗಡೆ ಪುಪ್ಪುಸದ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ತೂತು. ಟೀಬಿ ಇರಬೇಕು ಎಂದರು. ಕಫ ಪರೀಕ್ಷೆ ಎರಡು ಸಲ ಟೀಬಿ ಅಲ್ಲ ಎಂದಿತು. ಆದರೆ ಓಣಿ ಪರೀಕ್ಷೆಗಾಗಿ ಕಾಯಲಿಲ್ಲ, ಟೀಬಿ ಎಂದೇ ತೀರ್ಮಾನಿಸಿ ಈ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿತು. ಬಾಗಿಲಿಗೆ ಕಟ್ಟಿದ ಹಗ್ಗಕ್ಕೆ ಕೆಲಸವೇ ಇಲ್ಲದಂತಾಯಿತು. ತಾನು ಬರಬೇಡ ಎನ್ನುವುದಕ್ಕೆ ಮೊದಲೇ ಜನ ಬಾರದೇ ಇರುವುದು ಶಿವಗಂಗವ್ವನಿಗೆ ಅವಮಾನ ಎನ್ನಿಸಿತು.

ಉಸಿರಾಟ ಕಷ್ಟವಾದ ದಿನ ಅಂಬುಲೆನ್ಸಿನಲ್ಲಿ ಧಾರವಾಡಕ್ಕೆ ಒಯ್ದರು. ಮೂಗಿಗೆ ಆಕ್ಸಿಜನ್ ಹಾಕಿದರು, ಗಂಟಲಿನಿಂದ ನಳಿಕೆ ಇಳಿಸಿ ಪುಪ್ಪುಸದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಐದನೇ ದಿನ ಡಾಕ್ಟರ್ ಸುಮಿತಾ ಶಿವಗಂಗವ್ವನನ್ನು ತನ್ನ ಕೋಣೆಗೆ ಕರೆದಳು. ಮೂವತ್ತೈದು ದಾಟದ ಹುಡುಗಿ, ಮಾತಿನಲ್ಲಿ ಮಾತ್ರ ಅವಸರ ಇಲ್ಲ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಮುಚ್ಚಳದಷ್ಟು ಗಾಜಿನ ತಟ್ಟೆ, ಅದರ ತುಂಬ ಕೆಂಪು ಪೇರಲ ಹಣ್ಣಿನ ಒಳಗಿನ ಬಣ್ಣದ ಚುಕ್ಕೆಗಳು.

“ಚಂದ ಅದಾವಲ್ರಿ ಬಾಯಾರ,” ಎಂದಳು ಶಿವಗಂಗವ್ವ.

“ಇವ ನಿಮ್ಮ ತಮ್ಮನ ಪುಪ್ಪುಸದಾಗ ಬೆಳದಾವ.”

ಶಿವಗಂಗವ್ವ ಮೊಬೈಲನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹಿಂದೆ ಸರಿದಳು.

“ಟೀಬಿ ಅಲ್ರಿ ಇದು,” ಎಂದಳು ಸುಮಿತಾ. “ಬ್ಯಾರೆ ಬ್ಯಾಕ್ಟೀರಿಯಾ. ನಿಮಗ ನನಗ ಏನೂ ಮಾಡಂಗಿಲ್ಲ. ಗಟ್ಟಿ ಇದ್ದವರ ಮೈಯಾಗ ಇದರ ಆಟ ನಡಿಯಂಗಿಲ್ಲ. ಮೈಯಾಗಿನ ಶಕ್ತಿ ಮಲಗಿರತೈತಲ್ಲ, ಅಂಥವರನ್ನ ನೋಡಿ ಹಿಡಿತೈತಿ. ಹೆಚ್ಚಾಗಿ ಕುದುರಿಗೆ ಬರೂ ಕ್ರಿಮಿ ಇದು. ಮನಿಯಾಗ ಕುದುರಿ ಸಾಕೀರೇನು?”

“ಕುದುರಿ ಎಲ್ಲಿಂದ ತರೂದ್ರಿ.”

“ದನ?”

“ಒಂದ ಆಕಳ ಐತಿ. ಕೊಟ್ಟಿಗ್ಯಾಗ. ವೀರೇಶನ್ನ ಆ ಕಡೆ ಹಾಯಾಕ ಬಿಟ್ಟಿಲ್ಲ. ಐದನೇ ನಿಯಮ.”

“ಗೊಬ್ಬರ, ಸಗಣಿ ಏನರ ಮುಟ್ಯಾನೇನು?”

“ಬಾಯಾರ, ಅವನ ಕ್ವಾಣಿ ಎಷ್ಟ ಸ್ವಚ್ಛ ಇಟ್ಟೇನಿ ಅಂದ್ರ, ಈ ನಿಮ್ಮ ದವಾಖಾನಿ ಅದರ ಮುಂದ ಏನೂ ಅಲ್ಲ. ದಿನಾ ಎರಡ ಸಲ ಸಾರಸ್ತೇನಿ.”

“ಎದರಲೇ ಸಾರಸ್ತೀರಿ?”

ಶಿವಗಂಗವ್ವ ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಅಲ್ಲೇ ನಿಂತಿತು.

“ಈ ಕ್ರಿಮಿ ಇರೂದು ಮಣ್ಣಿನಾಗ, ಸಗಣ್ಯಾಗ,” ಎಂದಳು ಸುಮಿತಾ. “ಒಣಗಿ ಧೂಳಾದ್ರ ಉಸರಿನಾಗ ಹೊಕ್ಕತೈತಿ. ಅಲ್ಲಿಂದನ ಬಂತು ಅಂತ ನಾ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಆದ್ರ ಇನ್ನ ಸಾರಸಬ್ಯಾಡ್ರಿ. ಕಾಗದದಾಗ ಬರದಿತ್ತಲ್ಲ?”

“ಇಲ್ರಿ. ಹತ್ತೂ ನನಗ ಬಾಯಿಪಾಠ ಐತಿ.”

“ಹನ್ನೊಂದು ಅದಾವ,” ಎಂದು ಸುಮಿತಾ ಫೈಲು ತೆಗೆದು, ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಶಿವಗಂಗವ್ವ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವಳು. ಇಂಗ್ಲಿಷ್ ಅಕ್ಷರ ತಿಳಿಯದಿದ್ದರೂ ಅಂಕಿ ತಿಳಿಯಿತು. ಎರಡು ಒಂದು, ಒಂದರ ಪಕ್ಕ ಒಂದು. “ಸಗಣಿ, ಮಣ್ಣು, ಗೊಬ್ಬರ ಇರೂ ನೆಲದ ಮ್ಯಾಲ ಇರಬಾರದು ಅಂತ ಐತಿ.”

ಶಿವಗಂಗವ್ವನಿಗೆ ಹೀರಪ್ಪನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ತಾನು ಕುಳಿತಲ್ಲೇ ಸರಿಯುತ್ತ ಸಾರಿಸಿದ ನೆಲ ಬಂತು. ಒಂದು ಕೈಯಿಂದ ಬದುಕು ಕೊಟ್ಟು ಇನ್ನೊಂದು ಕೈಯಿಂದ ದಿನಾ ಎರಡು ಹೊತ್ತು ಅದನ್ನು ತೆಗೆಯುತ್ತ ಬಂದಿದ್ದೆನೇ? ಅಳು ಬರಬೇಕಾಗಿತ್ತು. ಅಭ್ಯಾಸವಿರಲಿಲ್ಲ.

“ಇನ್ನೊಂದ ಮಾತು,” ಎಂದಳು ಸುಮಿತಾ. “ಮೂರು ನಮೂನಿ ಔಷಧಿ ಸುರು ಮಾಡೇನಿ. ಆರು ತಿಂಗಳಿಗಿಂತ ಕಡಿಮಿ ಇಲ್ಲ. ಆದ್ರ ಬರೇ ಔಷಧಿಲೇ ಆಗಂಗಿಲ್ಲ. ಕಿಡ್ನಿ ಸಲುವಾಗಿ ಕೊಡೂ ಮಾತ್ರಿ ಕಡಿಮಿ ಮಾಡಿ ಮೈಯಾಗಿನ ಶಕ್ತಿ ಸ್ವಲ್ಪ ಎಬ್ಬಸಬೇಕು. ಎಬ್ಬಿಸಿದ್ರ ಅದು ಕಿಡ್ನಿ ಮ್ಯಾಲೂ ಬೀಳಬಹುದು. ಕಿಡ್ನಿ ಹೋದ್ರೂ ಹೋಗಬಹುದು. ಎಬ್ಬಸದಿದ್ರ ತಮ್ಮ ಹೋಗ್ತಾನ. ಮುಂಜಾನಿಂದ ಹೇಳಾಕ ಹತ್ತೇನಿ, ಸಹಿ ಹಾಕವಲ್ಲ. ‘ಅಕ್ಕನ ಕಿಡ್ನಿ ಕಳಿಯಾಕ ನಾ ಸಹಿ ಹಾಕಂಗಿಲ್ಲ’ ಅಂತಾನ.”

ಶಿವಗಂಗವ್ವ ಎದ್ದಳು. “ಸಹಿ ಹಾಕೂ ಆ ಕಾಗದ ಕೊಡ್ರಿ. ಪೆನ್ನೂ ಕೊಡ್ರಿ.”

ವಾರ್ಡಿನಲ್ಲಿ ವೀರೇಶ ಆಕ್ಸಿಜನ್ ಮಾಸ್ಕಿನ ಹಿಂದೆ ಕಣ್ಣು ಮುಚ್ಚಿ ಮಲಗಿದ್ದ. ಎದೆ ಬೇಗಬೇಗ ಏರಿಳಿಯುತ್ತಿತ್ತು. ಅವಳು ಸ್ಟೂಲು ಎಳೆದು ಕುಳಿತಳು. ಈ ಸಲ ಕಿಡ್ನಿಯ ಸುದ್ದಿ ಎತ್ತಲಿಲ್ಲ.

“ನಿಯಮ ಎಷ್ಟ ಅದಾವೋ ವೀರೂ?”

ಅವನು ಕಣ್ಣು ತೆರೆದ. ಅವಳ ಮುಖ ನೋಡಿದ. ಮತ್ತೆ ಮುಚ್ಚಿದ. “ಹನ್ನೊಂದು.”

“ನನಗ ಹತ್ತ ಹೇಳಿದಿ.”

“ಹ್ಞೂಂ.”

“ಹನ್ನೊಂದನೇದು ಯಾಕ ನುಂಗಿದಿ?”

ವೀರೇಶ ನಡುನಡುವೆ ಉಸಿರು ಎಳೆದುಕೊಳ್ಳುತ್ತ ಹೇಳಿದ. “ಹತ್ತ ಓದಿ… ನೆಲ ನೋಡಿದೆ. ಹಸಿ ಸಾರಿಸಿದ್ದಿ. ಅಂಚಿಗೆ ಕೆಮ್ಮಣ್ಣ ಎಳದಿದ್ದಿ. ಹೊಲಗಿ ಇನ್ನಾ ಒಣಗಿರಲಿಲ್ಲ ನಿಂದು. ಹೊಟ್ಟಿ ಕೊಯ್ಸಿಕೊಂಡ ಕಿಡ್ನಿ ಕೊಟ್ಟಾಕಿಗೆ… ‘ನೀ ಸಾರಿಸಿದ್ದ ಬ್ಯಾಡ, ತಗಿ’ ಅಂತ ಹೆಂಗ ಅನ್ಲಿ ಅಕ್ಕಾ? ಎಷ್ಟ ಮಂದಿ ಸಾರಿಸಿದ ನೆಲದ ಮ್ಯಾಲ ಮಲಗ್ಯಾರ, ಏನಾಗತೈತಿ ಅನಕೊಂಡೆ.”

“ಆಮ್ಯಾಲರ ಹೇಳಬೇಕಾಗಿತ್ತಲ್ಲ? ಒಂಬತ್ತು ತಿಂಗಳೋ!”

“ಆಮ್ಯಾಲೂ ಆಗ್ಲಿಲ್ಲ. ನಿನಗ ಯಾತಕ್ಕೂ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ ನನಗ. ಹೀರಪ್ಪನ್ನ ಬೈದಿ. ಅವತ್ತೂ ಸುಮ್ಮನ ಕುಂತೆ.” ಅವನ ಕಣ್ಣಿನಿಂದ ನೀರು ಇಳಿದು ಮಾಸ್ಕಿನ ಅಂಚಿಗೆ ಸೇರಿತು. “ಅದು ದೊಡ್ಡ ತಪ್ಪಾತು.”

ಶಿವಗಂಗವ್ವನಿಗೆ ಮೈಯೆಲ್ಲ ಸಿಟ್ಟು ಬಂತು. ತನ್ನ ಮೇಲೆ, ಅವನ ಮೇಲೆ, ಅವ್ವ ಕಲಿಸಿದ ಸಾರಣೆಯ ಮೇಲೆ. ಅದರೊಳಗೇ, ಆ ಸಿಟ್ಟನ್ನು ಸೀಳಿಕೊಂಡು, ತಮ್ಮನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು. ಎರಡನ್ನೂ ಹೇಗೆ ಒಟ್ಟಿಗೆ ಹಿಡಿಯಬೇಕೆಂದು ತಿಳಿಯದೆ ಅವಳು ಕಾಗದವನ್ನು ಅವನ ಎದೆಯ ಮೇಲಿಟ್ಟಳು.

“ಸಹಿ ಹಾಕು.”

“ಅಕ್ಕಾ, ಕಿಡ್ನಿ—”

“ನನಗ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ ಅಂದಿ. ಈಗ ಅಂದೆಲ್ಲ? ಸಗಣಿಗೆ ಬ್ಯಾಡ ಅನ್ನಲಿಲ್ಲ, ಈಗ ಇದಕ್ಕೂ ಅನ್ನಬ್ಯಾಡ. ಹಾಕು.”

ವೀರೇಶ ಅಕ್ಕನನ್ನು ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಬೆರಳುಗಳ ನಡುವೆ ಇಟ್ಟಳು. ಟಿಕೀಟು ಹರಿದು ಹರಿದು ಚುರುಕಾಗಿದ್ದ ಆ ಕೈಯಿಂದ ಸಹಿ ಸೊಟ್ಟಗೆ ಬಿತ್ತು.

“ಹೋದ್ರ ಹೋಗ್ಲಿ,” ಎಂದಳು ಶಿವಗಂಗವ್ವ ಕಾಗದ ಮಡಚುತ್ತ. “ಮತ್ತ ಡಯಾಲಿಸಿಸ್ ಮಾಡ್ಸೂಣು. ಇನ್ನೊಂದ ಮಾತು. ಇದು ಹನ್ನೆರಡನೇ ನಿಯಮ. ದಿನಕ್ಕ ಒಂದ ಸಲ ನನಗ ಬ್ಯಾಡ ಅನ್ನಬೇಕು.”

ಮಾತ್ರೆ ಕಡಿಮೆಯಾಯಿತು. ಕಾವಲುಗಾರ ಎಚ್ಚರಾದ. ಎರಡನೇ ವಾರಕ್ಕೆ ಜ್ವರ ಬಿಟ್ಟಿತು, ಆಕ್ಸಿಜನ್ ತೆಗೆದರು. ಅದೇ ವಾರ ಕಿಡ್ನಿಯ ಪರೀಕ್ಷೆಯ ಅಂಕಿ ಏರಿತು. ಸುಮಿತಾಳ ಮುಖ ಗಂಭೀರವಾಯಿತು. ಶಿವಗಂಗವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ತನ್ನ ಉಳಿದ ಕಿಡ್ನಿಯ ಜಾಗದ ಮೇಲೆ ಕೈ ಇಟ್ಟುಕೊಂಡು, ಅದಕ್ಕೆ ಕೇಳುವಂತೆ ಮೆಲ್ಲಗೆ, “ವೀರೂನ ಹೊಟ್ಟ್ಯಾಗಿನ ನಿನ್ನ ಅಕ್ಕನಿಗೆ ಬುದ್ಧಿ ಹೇಳ ಸ್ವಲ್ಪ” ಎಂದಳು. ಯಾರು ಹೇಳಿದರೋ, ಅಂಕಿ ಏರುವುದು ನಿಂತಿತು. ಮೊದಲಿನಷ್ಟಕ್ಕೆ ಇಳಿಯಲಿಲ್ಲ. ಆದರೆ ನಿಂತಿತು.

ಆ ನಡುವೆ ಒಂದು ದಿನ ಅವಳು ಹಳಿಯಾಳಕ್ಕೆ ಹೋಗಿ ಗೌಂಡಿಯನ್ನು ಕರೆಸಿ ಕೋಣೆಯ ನೆಲ ಅಗೆಸಿದಳು. ಸಿಮೆಂಟು ಹಾಕಿಸಿದಳು. ಆಕಳನ್ನು ಓಣಿಯ ತುದಿಯ ಶಂಕ್ರವ್ವನ ಮನೆಗೆ ಕೊಟ್ಟಳು. ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ, ದಾಂಡೇಲಿ ಬಸ್ಸಿನಿಂದ ಇಳಿಯುತ್ತಿದ್ದ ಹೀರಪ್ಪನ ಎದುರು ನಿಂತು, ಓಣಿಯಲ್ಲಿ ಬೈದಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು: “ಕೇಳ್ರಿ ಎಲ್ಲಾರೂ! ಇವನದೇನೂ ತಪ್ಪಿಲ್ಲ! ಸಗಣಿ ನಂದು!”

ಪ್ರಯಾಣಿಕರಿಗೆ ಏನೂ ತಿಳಿಯಲಿಲ್ಲ. ಹೀರಪ್ಪನಿಗೂ ಪೂರ್ತಿ ತಿಳಿಯಲಿಲ್ಲ. “ಇರ್ಲಿ ಬಿಡ್ರಿ ಅಕ್ಕಾರ,” ಎಂದ. ಮರುದಿನ ರಜೆ ಹಾಕಿ ಧಾರವಾಡಕ್ಕೆ ಹೋದ. ಗಾಜಿನ ಆಚೆ ನಿಂತು ಕೈ ಬೀಸಿ ಬಂದ.

ಮಾರ್ಚಿನಲ್ಲಿ ವೀರೇಶ ಮನೆಗೆ ಬಂದ. ಹನ್ನೆರಡನೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಬೆಳಿಗ್ಗೆ ಗಂಜಿ ತಂದರೆ “ಬ್ಯಾಡ” ಎಂದು, ಅವಳು “ಆತು, ಇವತ್ತಿಂದು ಮುಗೀತು” ಎಂದ ಮೇಲೆ ಗಂಜಿ ಕುಡಿಯುತ್ತಿದ್ದ. ಹೇಳಿಸಿಕೊಂಡು ಹೇಳಿದ ಬ್ಯಾಡ ಬ್ಯಾಡವೇ ಅಲ್ಲ ಎಂದು ಶಿವಗಂಗವ್ವನಿಗೆ ಗೊತ್ತಿತ್ತು. ಆದರೂ ಸುಮ್ಮನಿದ್ದಳು.

ಯುಗಾದಿಯ ಮರುದಿನ ಬೆಳಿಗ್ಗೆ ಹಳೆಯ ರೂಢಿಯಂತೆ ಹೊಸ್ತಿಲಲ್ಲಿ ನಿಂತಳು. ಸಿಮೆಂಟಿನ ನೆಲ ತಣ್ಣಗೆ ಹೊಳೆಯುತ್ತಿತ್ತು. ಕಿಟಕಿಯ ಆಚೆ ಸುಣ್ಣದ ಗೆರೆ ಇರಲಿಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು.

“ನನ್ನ ಕಿಡ್ನಿ ಹೆಂಗೈತೋ?”

ವೀರೇಶ ಗಂಜಿಯ ಬಟ್ಟಲು ಕೆಳಗಿಟ್ಟ. “ನಿನ್ನ ಕಿಡ್ನಿ ನಿನ್ನ ಹೊಟ್ಟ್ಯಾಗ ಐತಿ ಅಕ್ಕಾ. ಇದು ನಂದು. ಇನ್ನ ಹಂಗ ಕೇಳಬ್ಯಾಡ.”

ಮಾಸ್ಕಿನೊಳಗೆ ಅವಳ ಬಾಯಿ ಏನು ಮಾಡಿತೋ ಕಾಣಲಿಲ್ಲ. ಕಣ್ಣು ತುಂಬಿದ್ದು ಕಂಡಿತು.

“ಆತು,” ಎಂದಳು. “ನೀ ಹೆಂಗದಿ?”